ಒಂದೇ ಮಾತ್ರೆ ಮುದ್ರಿಸಿದರೆ ತೂಕ ಸರಿ, ಟ್ರೇ ತುಂಬ ಮುದ್ರಿಸಿದರೆ ಕಡಿಮೆ: ಕಾರಣ ತಿಳಿಯುತ್ತಿಲ್ಲ

ಕಡಲತಡಿ_ಎಂಫಾರ್ಮ್:
ಎಲ್ಲರಿಗೂ ನಮಸ್ಕಾರ. ಮಕ್ಕಳ ದೇಹತೂಕಕ್ಕೆ ತಕ್ಕಂತೆ ಔಷಧದ ಪ್ರಮಾಣವನ್ನು ಬದಲಿಸಬಹುದಾದ ಮಾತ್ರೆಗಳ ಬಗ್ಗೆ ನನ್ನ ಎಂ.ಫಾರ್ಮ್ ಪ್ರಬಂಧವಿದ್ದು, ಪ್ಲಾಸ್ಟಿಕ್ಕಿನಂಥ ಪಾಲಿಮರಿಗೆ ಔಷಧ ಬೆರೆಸಿದ ತಂತಿಯನ್ನು, ಅಂದರೆ ಫಿಲಮೆಂಟನ್ನು, ನಾನೇ ತಯಾರಿಸಿ, ಅದನ್ನು ಕರಗಿಸಿ ಪದರ ಪದರವಾಗಿ ಮಾತ್ರೆ ಕಟ್ಟುವ 3ಡಿ ಪ್ರಿಂಟರಿಗೆ ಹಾಕುತ್ತಿದ್ದೇನೆ. ಒಂದೇ ಮಾತ್ರೆಯನ್ನು ಮುದ್ರಿಸಿದಾಗ ಅಂಚು ಸ್ವಚ್ಛವಾಗಿರುತ್ತದೆ, ತೂಕ ನಾನು ಬಯಸಿದ 200 ಮಿ.ಗ್ರಾಂ.ಗೆ ಹತ್ತಿರವಿರುತ್ತದೆ. ಅದೇ ಕಡತವನ್ನು ಟ್ರೇ ತುಂಬ ಹನ್ನೆರಡು ಮಾತ್ರೆಗಳಿಗೆ ಕೊಟ್ಟರೆ ಎಲ್ಲವೂ 170ರ ಆಸುಪಾಸಿಗೆ ಇಳಿಯುತ್ತವೆ, ಕೆಲವೊಮ್ಮೆ ಮುದ್ರಣ ಮುಗಿಯುವ ಮೊದಲೇ ಫಿಲಮೆಂಟ್ ಹೊರಬರುವುದು ನಿಂತುಹೋಗುತ್ತದೆ. ಕರಗಿದ ಫಿಲಮೆಂಟ್ ಹೊರಬರುವ ನಾಝಲ್ ಬದಲಿಸಿದ್ದೇನೆ, ಉಷ್ಣತೆಯನ್ನು ಏರಿಸಿ ಇಳಿಸಿ ನೋಡಿದ್ದೇನೆ, ಪ್ರಯೋಜನವಾಗಿಲ್ಲ. ಮಾರ್ಗದರ್ಶಕರಿಗೆ ತೋರಿಸಬೇಕಾದ ದಿನ ಹತ್ತಿರವಾಗುತ್ತಿದೆ. ದಯವಿಟ್ಟು ಪರಿಹಾರ ತಿಳಿಸಿ.

ಒಣಡಬ್ಬಿ:
ನೀವು ಕರಾವಳಿಯವರು, ಈಗ ಮಳೆಗಾಲ. ಇಷ್ಟು ತಿಳಿದರೆ ಸಾಕು, ಇದು ತೇವಾಂಶದ ಸಮಸ್ಯೆ. ಔಷಧ ಮುದ್ರಣಕ್ಕೆ ಬಳಸುವ ಪಿವಿಎ, ಎಚ್‌ಪಿಸಿ, ಪಿವಿಪಿ ಪಾಲಿಮರುಗಳಲ್ಲಿ ಯಾವುದೇ ಇರಲಿ, ಎಲ್ಲವೂ ಗಾಳಿಯ ನೀರನ್ನು ಹೀರಿಕೊಳ್ಳುತ್ತವೆ. ಹೀರಿದ ನೀರು ಪ್ಲಾಸ್ಟಿಸೈಜರ್‌ನಂತೆ ವರ್ತಿಸಿ ಫಿಲಮೆಂಟನ್ನು ಮೆದುವಾಗಿಸುತ್ತದೆ, ಬಿಸಿ ನಾಝಲಿನಲ್ಲಿ ಆವಿಯಾಗಿ ಮಾತ್ರೆಯೊಳಗೆ ಟೊಳ್ಳು ಉಳಿಸುತ್ತದೆ. ಒಣಗಿಸಿ, ಸಿಲಿಕಾ ಜೆಲ್ ಜೊತೆ ಮುಚ್ಚಿದ ಡಬ್ಬಿಯಲ್ಲಿಟ್ಟು, ಆ ಡಬ್ಬಿಯಿಂದಲೇ ನೇರವಾಗಿ ಪ್ರಿಂಟರಿಗೆ ಉಣಿಸಿ.

ಲೇತ್_ಮನೆ:
ಯಾವ ಪ್ರಿಂಟರ್, ಯಾವ ಪಾಲಿಮರ್, ಯಾವ ಔಷಧ, ಫಿಲಮೆಂಟ್ ತಳ್ಳುವ ಗಿಯರ್ ದೂರದಲ್ಲಿರುವ ಬೌಡನ್ ಕೊಳವೆಯೋ, ಪ್ರಿಂಟರಿನ ತಲೆಯಲ್ಲೇ ಇರುವ ಡೈರೆಕ್ಟ್ ಡ್ರೈವೋ ಎಂಬುದನ್ನು ತಿಳಿಸದೆ ಉತ್ತರ ಕೇಳಿದರೆ ಊಹೆಗಳಷ್ಟೇ ಸಿಗುತ್ತವೆ. ನನ್ನ ಊಹೆ ಇದು: ಔಷಧದ ಹರಳುಗಳು ಪಾಲಿಮರಿನಲ್ಲಿ ಕರಗದೆ ಕಣಗಳಾಗಿಯೇ ಉಳಿದಿದ್ದರೆ 0.4 ಮಿ.ಮೀ. ನಾಝಲಿನ ಬಾಯಲ್ಲಿ ಅವು ನಿಧಾನವಾಗಿ ಶೇಖರವಾಗುತ್ತವೆ. ಒಂದು ಮಾತ್ರೆಗೆ ಅದು ತಿಳಿಯುವುದಿಲ್ಲ, ಹನ್ನೆರಡಕ್ಕೆ ತಿಳಿಯುತ್ತದೆ. ಹೊಸ ನಾಝಲ್ ಹಾಕಿದರೂ ಅದೇ ಕಣಗಳು ಮತ್ತೆ ಬರುತ್ತವೆಯಷ್ಟೇ. ಅಂದಹಾಗೆ ನಾಝಲ್ ಹಿತ್ತಾಳೆಯದ್ದಾದರೆ ಇಂದೇ ತೆಗೆದುಹಾಕಿ. ಯಂತ್ರದಲ್ಲಿ ಸುಲಭವಾಗಿ ಕತ್ತರಿಸಲೆಂದು ಹಿತ್ತಾಳೆಗೆ ಸೀಸ ಬೆರೆಸಿರುತ್ತಾರೆ. ಮಾತ್ರೆಗೆ ಸ್ಟೇನ್‌ಲೆಸ್ ಸ್ಟೀಲ್ ನಾಝಲ್ ಬಳಸಬೇಕು.

ಕಡಲತಡಿ_ಎಂಫಾರ್ಮ್:
ನಾಝಲ್ ಸ್ಟೇನ್‌ಲೆಸ್ ಸ್ಟೀಲ್, 0.4. ಪಾಲಿಮರ್ ಎಚ್‌ಪಿಸಿ, ಔಷಧ ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್, ತೂಕದಲ್ಲಿ 20%. ಥಿಯೋಫಿಲಿನ್ ಕರಗುವುದು 270 ಡಿಗ್ರಿಯ ಆಸುಪಾಸಿನಲ್ಲಿ. ನಾನು ಮುದ್ರಿಸುವ ಉಷ್ಣತೆ ಅದಕ್ಕಿಂತ ಬಹಳ ಕೆಳಗಿರುವುದರಿಂದ ಅದು ಹರಳಾಗಿಯೇ ಉಳಿದಿರಬಹುದು ಎಂಬುದನ್ನು ಒಪ್ಪುತ್ತೇನೆ. ಆದರೆ ನುಣ್ಣಗೆ ಅರೆದು ಜರಡಿ ಹಿಡಿದೇ ಬೆರೆಸಿದ್ದೇನೆ, ಬಿಚ್ಚಿ ನೋಡಿದಾಗ ನಾಝಲಿನಲ್ಲಿ ಏನೂ ಕಟ್ಟಿರಲಿಲ್ಲ. ಫಿಲಮೆಂಟ್ ಒಣಪೆಟ್ಟಿಗೆಯಲ್ಲೇ ಇರುತ್ತದೆ. ಮುದ್ರಿಸುವಾಗ ಸಿಡಿಯುವ ಸದ್ದಾಗಲಿ, ಗುಳ್ಳೆಯಾಗಲಿ ಇಲ್ಲ.

ಒಣಡಬ್ಬಿ:
ಒಣಪೆಟ್ಟಿಗೆ ಎಂದರೆ ಯಾವುದು? ಒಳಗೆ ತೇವಮಾಪಕವಿದೆಯೇ? ಸಿಲಿಕಾ ಜೆಲ್ ಬಣ್ಣ ಬದಲಿಸಿದ ಮೇಲೂ ಅದನ್ನೇ ನಂಬಿ ಕುಳಿತವರನ್ನು ನಾನು ಬಹಳ ನೋಡಿದ್ದೇನೆ. ನನ್ನಲ್ಲಿ ಫಿಲಮೆಂಟಿಗೆಂದೇ ಬಿಸಿಗಾಳಿಯ ಕಪಾಟು ಇದೆ, ಅಲ್ಲಿಂದ ಪ್ರಿಂಟರಿನ ತಲೆಯವರೆಗೆ ಟೆಫ್ಲಾನ್ ಕೊಳವೆ ಹಾಕಿದ್ದೇನೆ, ಫಿಲಮೆಂಟಿಗೆ ಕೋಣೆಯ ಗಾಳಿ ಎಲ್ಲಿಯೂ ತಾಗುವುದಿಲ್ಲ. ಪ್ರಿಂಟರನ್ನೂ ಮುಚ್ಚಿದ ಪೆಟ್ಟಿಗೆಯೊಳಗೆ ಇಟ್ಟು ಅಲ್ಲೊಂದು ತೇವಮಾಪಕ ಅಂಟಿಸಿದ್ದೇನೆ. ಈ ವ್ಯವಸ್ಥೆ ಬಂದ ಮೇಲೆ ಪಿವಿಎ ಒಮ್ಮೆಯೂ ತೊಂದರೆ ಕೊಟ್ಟಿಲ್ಲ. ಸಿಡಿಯುವ ಸದ್ದು ಇಲ್ಲವೆಂದ ಮಾತ್ರಕ್ಕೆ ತೇವವಿಲ್ಲ ಎನ್ನಲಾಗದು. ಒಂದು ತುಂಡನ್ನು ತೂಗಿ, 50 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿ, ಮತ್ತೆ ತೂಗಿ ನೋಡಿ.

ಆಸ್ಪತ್ರೆ_ಔಷಧಾಲಯ:
ಪ್ರಶ್ನೆ ಕೇಳಿದವರು ವಿದ್ಯಾರ್ಥಿ, ಈ ಮಾತ್ರೆಗಳನ್ನು ಯಾರೂ ನುಂಗುವುದಿಲ್ಲ ಎಂದು ಭಾವಿಸಿಯೇ ಬರೆಯುತ್ತಿದ್ದೇನೆ. ಹವ್ಯಾಸಕ್ಕೆಂದು ಕೊಂಡ ಪ್ರಿಂಟರಿನ ಗಿಯರಿನಲ್ಲಿ ಹಿಂದಿನ ಪ್ಲಾಸ್ಟಿಕ್ಕಿನ ಪುಡಿ ಇರುತ್ತದೆ, ಅದರ ಗ್ರೀಸ್ ಔಷಧಕ್ಕೆ ಒಪ್ಪುವಂಥದ್ದಲ್ಲ. ಹಾಗೆ ನೋಡಿದರೆ 2015ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಯ ಒಪ್ಪಿಗೆ ಪಡೆದ ಮೊದಲ ಮುದ್ರಿತ ಮಾತ್ರೆಯಾದ ಸ್ಪ್ರಿಟಾಮ್‌ನಲ್ಲಿ ಫಿಲಮೆಂಟ್ ಇಲ್ಲವೇ ಇಲ್ಲ. ಅಪಸ್ಮಾರದ ಔಷಧವಾದ ಲೆವೆಟಿರಾಸೆಟಮ್ ಪುಡಿಯನ್ನು ಪದರವಾಗಿ ಹರಡಿ, ಅದರ ಮೇಲೆ ದ್ರವ ಸಿಂಪಡಿಸಿ ಅಂಟಿಸುತ್ತಾರೆ. ಸ್ಪೇನಿನ ಸಾಂತಿಯಾಗೊ ದೆ ಕೊಂಪೊಸ್ತೆಲಾದ ಆಸ್ಪತ್ರೆಯಲ್ಲಿ ಮೇಪಲ್ ಸಿರಪ್ ಯೂರಿನ್ ಎಂಬ ಹುಟ್ಟಿನಿಂದ ಬರುವ ಚಯಾಪಚಯ ಕಾಯಿಲೆಯ ಮಕ್ಕಳಿಗೆ ಐಸೊಲ್ಯೂಸಿನ್ ಎಂಬ ಅಮೈನೊ ಆಮ್ಲ ಕೊಟ್ಟಾಗಲೂ, 2019ರಲ್ಲಿ ಆ ಅಧ್ಯಯನ ಪ್ರಕಟವಾಯಿತು, ಬಳಸಿದ್ದು ಸಿರಿಂಜಿನಿಂದ ಹಿಂಡುವ ಅರೆಘನ ಮಿಶ್ರಣ. ಮಗುವಿನ ರಕ್ತದ ಮಟ್ಟ ನೋಡಿ ಪ್ರಮಾಣವನ್ನು ಬದಲಿಸುವ ಕೆಲಸಕ್ಕೆ ಅದೇ ಸೂಕ್ತ. ಫಿಲಮೆಂಟ್ ದಾರಿಯನ್ನೇ ಬಿಟ್ಟು ಅರೆಘನ ವಿಧಾನಕ್ಕೆ ಹೋಗಬಾರದೇಕೆ?

ಲೇತ್_ಮನೆ:
ಪ್ರಬಂಧದ ನಡುವೆ ವಿಧಾನವನ್ನೇ ಬದಲಿಸಿ ಎನ್ನುವುದು ಪರಿಹಾರವಲ್ಲ. ಅರೆಘನ ಮಿಶ್ರಣವನ್ನು ಹಿಂಡಿದ ಮೇಲೆ ಸಾಮಾನ್ಯವಾಗಿ ಒಣಗಿಸಬೇಕಾಗುತ್ತದೆ, ಒಣಗುವಾಗ ಮಾತ್ರೆ ಕುಗ್ಗಿ ಆಕಾರ ಕೆಡುತ್ತದೆ, ಅಲ್ಲಿ ಬೇರೆಯೇ ತೊಂದರೆಗಳಿವೆ. ಫಿಲಮೆಂಟಿನಿಂದ ಮಾತ್ರೆ ಮುದ್ರಿಸಿದ ಸಂಶೋಧನೆ 2014ರಿಂದಲೇ ಪ್ರಕಟವಾಗುತ್ತಿದೆ, ಅದನ್ನು ಹವ್ಯಾಸವೆಂದು ತಳ್ಳಿಹಾಕಲಾಗದು.

ಆಸ್ಪತ್ರೆ_ಔಷಧಾಲಯ:
ನಾನು ತಳ್ಳಿಹಾಕಿದ್ದು ವಿಧಾನವನ್ನಲ್ಲ, ಯಂತ್ರವನ್ನು. ರೋಗಿಯ ಕೈಗೆ ಹೋಗುವ ಮಾತ್ರೆಗೆ ಇವೆರಡರ ವ್ಯತ್ಯಾಸ ದೊಡ್ಡದು.

ಕಡಲತಡಿ_ಎಂಫಾರ್ಮ್:
ಮಾತ್ರೆಗಳು ಪ್ರಯೋಗಾಲಯ ಬಿಟ್ಟು ಹೊರಗೆ ಹೋಗುವುದಿಲ್ಲ, ಈ ಪ್ರಿಂಟರಿಗೆ ಬೇರೆ ಪ್ಲಾಸ್ಟಿಕ್ ಹಾಕಿಯೇ ಇಲ್ಲ. ಒಣಗಿಸುವ ಮೊದಲು ಮತ್ತು ನಂತರ ತೂಗಿದೆ, ವ್ಯತ್ಯಾಸ ಅತ್ಯಲ್ಪ. ಒಣಗಿಸಿದ ಫಿಲಮೆಂಟಿನಲ್ಲಿಯೂ ಹನ್ನೆರಡು ಮಾತ್ರೆಗಳು ಹಗುರವಾಗಿಯೇ ಬಂದವು. ಬ್ಲೇಡಿನಿಂದ ಅಡ್ಡ ಕತ್ತರಿಸಿದ ಚಿತ್ರವನ್ನು ಹಾಕಿದ್ದೇನೆ. ಕೆಳಗಿನ ಅರ್ಧ ಗಟ್ಟಿಯಾಗಿದೆ, ಮೇಲಿನ ಅರ್ಧ ಸ್ಪಂಜಿನಂತಿದೆ, ಹನ್ನೆರಡೂ ಹೀಗೆಯೇ ಇವೆ. ಮಾತ್ರೆಯ ಎತ್ತರ 4 ಮಿ.ಮೀ., ಪದರ 0.2 ಮಿ.ಮೀ., ಇನ್‌ಫಿಲ್, ಅಂದರೆ ಒಳಭಾಗ ತುಂಬುವ ಪ್ರಮಾಣ, 100%.

ಹಲ್ಲುಗಾಲಿ:
ಈ ಚಿತ್ರದಲ್ಲಿಯೇ ಉತ್ತರವಿದೆ. ಮಾತ್ರೆಗಳು ಒಂದು ಮುಗಿದ ಮೇಲೆ ಇನ್ನೊಂದರಂತೆ ಮುದ್ರಣವಾಗಿದ್ದರೆ ಮೊದಲಿನವು ಸರಿಯಿದ್ದು ಕೊನೆಯವು ಮಾತ್ರ ಹಗುರವಾಗಬೇಕಿತ್ತು. ಹನ್ನೆರಡರಲ್ಲೂ ಕೆಳಭಾಗ ಗಟ್ಟಿ, ಮೇಲ್ಭಾಗ ಟೊಳ್ಳು ಎಂದರೆ ಕಡತವನ್ನು ಪದರಗಳಾಗಿ ವಿಂಗಡಿಸುವ ತಂತ್ರಾಂಶವಾದ ಸ್ಲೈಸರ್ ಎಲ್ಲ ಮಾತ್ರೆಗಳ ಮೊದಲ ಪದರ, ಆಮೇಲೆ ಎಲ್ಲದರ ಎರಡನೆಯ ಪದರ ಎಂದು ಒಟ್ಟಿಗೆ ಏರಿಸುತ್ತಿದೆ. ಹಾಗಿದ್ದರೆ ಒಂದು ಮಾತ್ರೆಯಿಂದ ಇನ್ನೊಂದಕ್ಕೆ ತಲೆ ಹಾರುವಾಗಲೆಲ್ಲ ಫಿಲಮೆಂಟ್ ಹಿಂದೆಳೆಯಲ್ಪಡುತ್ತದೆ. ಈ ಹಿಂದೆಳೆತ, ಅಂದರೆ ರಿಟ್ರಾಕ್ಷನ್, ನಿಮ್ಮಲ್ಲಿ ಎಷ್ಟಿದೆ?

ಕಡಲತಡಿ_ಎಂಫಾರ್ಮ್:
ಸಾಮಾನ್ಯ 3ಡಿ ಮುದ್ರಣದ ಪ್ಲಾಸ್ಟಿಕ್ಕಾದ ಪಿಎಲ್‌ಎಯ ಪ್ರೊಫೈಲಿನಲ್ಲಿ ಇದ್ದಂತೆ 5 ಮಿ.ಮೀ. ಪ್ರಿಂಟರ್ ಮೊದಲು ಬೌಡನ್ ಆಗಿತ್ತು, ಈಗ ಡೈರೆಕ್ಟ್ ಡ್ರೈವ್.

ಹಲ್ಲುಗಾಲಿ:
ಈಗ ಲೆಕ್ಕ ಹಾಕೋಣ. ಮಾತ್ರೆ 200 ಮಿ.ಗ್ರಾಂ., ಸಾಂದ್ರತೆಯನ್ನು 1.2 ಎಂದು ಹಿಡಿದರೆ ಗಾತ್ರ ಸುಮಾರು 167 ಘನ ಮಿ.ಮೀ. 1.75 ಮಿ.ಮೀ. ಫಿಲಮೆಂಟಿನ ಅಡ್ಡಕೊಯ್ತದ ವಿಸ್ತೀರ್ಣ 2.4 ಚದರ ಮಿ.ಮೀ. ಆಗುವುದರಿಂದ ಒಂದು ಮಾತ್ರೆಗೆ ಬೇಕಾಗುವುದು ಸುಮಾರು 70 ಮಿ.ಮೀ. ಫಿಲಮೆಂಟ್. ಅದನ್ನು 20 ಪದರಗಳಿಗೆ ಹಂಚಿದರೆ ಪದರವೊಂದಕ್ಕೆ 3.5 ಮಿ.ಮೀ. ಅಂದರೆ ಗಿಯರ್ 3.5 ಮಿ.ಮೀ. ಮುಂದಕ್ಕೆ ತಳ್ಳಿ, 5 ಮಿ.ಮೀ. ಹಿಂದಕ್ಕೆ ಎಳೆದು, ಮತ್ತೆ 5 ಮಿ.ಮೀ. ಮುಂದಕ್ಕೆ ತಳ್ಳುತ್ತಿದೆ. ಫಿಲಮೆಂಟಿನ ಪ್ರತಿಯೊಂದು ಜಾಗವೂ ಕನಿಷ್ಠ ಮೂರು ಸಲ ಹಲ್ಲಿನಡಿ ಹೋಗುತ್ತದೆ. ಪಿಎಲ್‌ಎ ಅದನ್ನು ತಾಳಿಕೊಳ್ಳುತ್ತದೆ, ಎಚ್‌ಪಿಸಿ ಮೆದು, ಅದು ತಾಳುವುದಿಲ್ಲ. ಹಲ್ಲುಗಳು ಮೈಯನ್ನು ಕೆರೆಯುತ್ತವೆ, ಕೆರೆದ ಪುಡಿ ಹಲ್ಲಿನ ಸಂದಿಗಳಲ್ಲಿ ತುಂಬುತ್ತದೆ, ಹಿಡಿತ ತಪ್ಪುತ್ತದೆ, ಕೊನೆಗೆ ಹರಿವು ನಿಲ್ಲುತ್ತದೆ. ಒಂದೇ ಮಾತ್ರೆ ಮುದ್ರಿಸುವಾಗ ಆ ಹಾರಾಟವೇ ಇಲ್ಲದ್ದರಿಂದ ತೂಕ ಸರಿ ಬರುತ್ತದೆ. ಗಿಯರನ್ನು ಬಿಚ್ಚಿ ನೋಡಿ, ಬಿಳಿ ಪುಡಿ ಸಿಗುತ್ತದೆ.

ಸ್ಲೈಸರಿನಲ್ಲಿ ಒಂದರ ನಂತರ ಒಂದು ಮುದ್ರಿಸುವ ಆಯ್ಕೆಯನ್ನು ಹಾಕಿ. ಮಾತ್ರೆ 4 ಮಿ.ಮೀ. ಎತ್ತರವಷ್ಟೇ ಆದರೂ ಫ್ಯಾನಿನ ಮೂತಿ ನಾಝಲಿನ ತುದಿಗಿಂತ ಅದಕ್ಕೂ ಹೆಚ್ಚು ಮೇಲಿದೆಯೇ ಎಂದು ಅಳೆಯಿರಿ, ಇಲ್ಲದಿದ್ದರೆ ಮುಗಿದ ಮಾತ್ರೆಗಳಿಗೆ ತಲೆ ಬಡಿಯುತ್ತದೆ. ಡೈರೆಕ್ಟ್ ಡ್ರೈವಿಗೆ ರಿಟ್ರಾಕ್ಷನ್ ಅರ್ಧ ಮಿ.ಮೀ. ಸಾಕು. ಮಾತ್ರೆಗಳ ನಡುವೆ ನೂಲಿನಂಥ ಎಳೆ ಸ್ವಲ್ಪ ಉಳಿದರೂ ಮೊದಲು ತೂಕ ಸರಿಯಾಗಲಿ. ಗಿಯರಿನ ಸ್ಪ್ರಿಂಗನ್ನು ಬಿಗಿ ಮಾಡಬೇಡಿ. ಫಿಲಮೆಂಟ್ ಜಾರಿದಾಗ ಎಲ್ಲರೂ ಮೊದಲು ಮಾಡುವುದು ಅದನ್ನೇ, ಮೆದು ಫಿಲಮೆಂಟಿಗೆ ಅದರಿಂದ ಹಾನಿಯೇ ಹೆಚ್ಚು.

ಒಣಡಬ್ಬಿ:
ಲೆಕ್ಕವನ್ನು ಒಪ್ಪುತ್ತೇನೆ. ಆದರೆ ಎಚ್‌ಪಿಸಿ ಇಷ್ಟು ಮೆದುವಾಗಲು ತೇವವೂ ಕಾರಣವಿರಬಹುದು ಎಂಬುದನ್ನು ಬಿಟ್ಟುಕೊಡಲಾರೆ. ಇದೇ ಫಿಲಮೆಂಟನ್ನು ಕಲಬುರಗಿಯ ಬೇಸಿಗೆಯಲ್ಲಿ ಮುದ್ರಿಸಿದ್ದರೆ ಗಿಯರ್ ಇಷ್ಟು ಕೆರೆಯುತ್ತಿರಲಿಲ್ಲ.

ಹಲ್ಲುಗಾಲಿ:
ಅಲ್ಲಿ ಬೇರೆ ಪಾಲಿಮರ್ ಆಗಿದ್ದರೆ ಒಣಗಿ ಪಟಕ್ಕೆಂದು ಮುರಿಯುತ್ತಿತ್ತು. ಒಣಗಿಸಿದ ಮೇಲೂ ತೂಕ ಬದಲಾಗಲಿಲ್ಲ ಎಂದು ಅವರು ಬರೆದಿದ್ದಾರೆ. ಅಳತೆ ಬಂದ ಮೇಲೂ ಊಹೆಯನ್ನೇ ಹಿಡಿದುಕೊಳ್ಳುವುದು ಸರಿಯಲ್ಲ.

ಕಡಲತಡಿ_ಎಂಫಾರ್ಮ್:
ಗಿಯರಿನ ಹಲ್ಲುಗಳಲ್ಲಿ ಪುಡಿ ತುಂಬಿತ್ತು. ಸ್ವಚ್ಛಗೊಳಿಸಿ, ಒಂದರ ನಂತರ ಒಂದರಂತೆ, 0.5 ಮಿ.ಮೀ. ರಿಟ್ರಾಕ್ಷನ್ ಇಟ್ಟು ಮುದ್ರಿಸಿದೆ. ಹನ್ನೆರಡೂ ಮಾತ್ರೆಗಳು 191ರಿಂದ 204 ಮಿ.ಗ್ರಾಂ. ನಡುವೆ ಇವೆ. ಔಷಧಗಳ ಗುಣಮಟ್ಟದ ಅಧಿಕೃತ ಗ್ರಂಥವಾದ ಭಾರತೀಯ ಫಾರ್ಮಕೋಪಿಯಾದಲ್ಲಿ 80ರಿಂದ 250 ಮಿ.ಗ್ರಾಂ. ನಡುವಿನ ಮಾತ್ರೆಗೆ 7.5% ವ್ಯತ್ಯಾಸಕ್ಕೆ ಅವಕಾಶವಿರುವುದರಿಂದ ಇದು ಸಾಕಲ್ಲವೇ? ಹಲ್ಲುಗಾಲಿಯವರಿಗೆ ಮನಃಪೂರ್ವಕ ಧನ್ಯವಾದಗಳು.

ಆಸ್ಪತ್ರೆ_ಔಷಧಾಲಯ:
ತೂಕಕ್ಕೆ ಸಾಕು, ಔಷಧಾಂಶಕ್ಕೆ ಸಾಲದು. ನಿಮ್ಮ ಮಾತ್ರೆಯಲ್ಲಿ ಥಿಯೋಫಿಲಿನ್ ಎಷ್ಟಿದೆ ಎಂಬುದು ಫಿಲಮೆಂಟ್ ತಯಾರಾಗುವಾಗಲೇ ನಿರ್ಧಾರವಾಗಿರುತ್ತದೆ, ಪ್ರಿಂಟರ್ ಅದನ್ನು ಸರಿಪಡಿಸಲಾರದು. ಈ ಔಷಧಕ್ಕೆ ಪರಿಣಾಮ ಬೀರುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ. ಫಿಲಮೆಂಟಿನ ಆರಂಭ, ನಡು, ಕೊನೆಗಳಿಂದ ತುಂಡು ತೆಗೆದು ಕರಗಿಸಿ, 271 ನ್ಯಾನೋಮೀಟರ್ ಆಸುಪಾಸಿನಲ್ಲಿ ಯುವಿ (ನೇರಳಾತೀತ ಬೆಳಕಿನ) ಅಳತೆ ಮಾಡಿ. ಮಾತ್ರೆಗಳನ್ನೂ ಒಂದೊಂದಾಗಿ ಅಳೆದು, ಸರಾಸರಿಯ 85ರಿಂದ 115%ರೊಳಗೆ ಇವೆಯೇ ನೋಡಿ. ಫಿಲಮೆಂಟಿನ ದಪ್ಪವನ್ನು ಎರಡು ದಿಕ್ಕಿನಲ್ಲಿ ಅಳೆಯಿರಿ. 1.75 ಎಂದುಕೊಂಡದ್ದು 1.65 ಇದ್ದರೆ ಆ ಒಂದರಿಂದಲೇ ಪ್ರಮಾಣ 11% ಇಳಿಯುತ್ತದೆ.

ಕಡಲತಡಿ_ಎಂಫಾರ್ಮ್:
ಅಳೆದೆ. ದಪ್ಪ ಸಮವಾಗಿದೆ, ಆದರೆ ಕೊನೆಯ ತುಂಡಿನಲ್ಲಿ ಥಿಯೋಫಿಲಿನ್ ಆರಂಭದ ತುಂಡಿಗಿಂತ ಸ್ಪಷ್ಟವಾಗಿ ಕಡಿಮೆಯಿದೆ. ಫಿಲಮೆಂಟ್ ತಯಾರಿಸುವ ನಮ್ಮ ಎಕ್ಸ್‌ಟ್ರೂಡರಿನಲ್ಲಿ ಒಂದೇ ಸ್ಕ್ರೂ ಇದೆ.

ಆಸ್ಪತ್ರೆ_ಔಷಧಾಲಯ:
ಒಂಟಿ ಸ್ಕ್ರೂ ಮುಂದಕ್ಕೆ ತಳ್ಳುತ್ತದೆ, ಚೆನ್ನಾಗಿ ಬೆರೆಸುವುದಿಲ್ಲ. ಜೋಡಿ ಸ್ಕ್ರೂ ಯಂತ್ರ ಹತ್ತಿರದಲ್ಲಿ ಎಲ್ಲಿಯಾದರೂ ಸಿಗುತ್ತದೆಯೇ ಎಂದು ವಿಚಾರಿಸಿ. ಸಿಗದಿದ್ದರೆ ಬಂದ ಫಿಲಮೆಂಟನ್ನು ಸಣ್ಣಗೆ ಕತ್ತರಿಸಿ, ತುಂಡುಗಳನ್ನೆಲ್ಲ ಕಲಸಿ, ಇನ್ನೊಮ್ಮೆ ಎಕ್ಸ್‌ಟ್ರೂಡರಿಗೆ ಹಾಕಿ. ಎರಡು ಸಲ ಬಿಸಿಯಾಗುವುದರಿಂದ ಔಷಧ ವಿಘಟನೆಯಾಗಿಲ್ಲವೆಂದು ಘಟಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿಯಲ್ಲಿ ಖಚಿತಪಡಿಸಿಕೊಂಡು, ಮೂರೂ ತುಂಡುಗಳ ಅಂಕಿಗಳನ್ನು ಇಲ್ಲಿಯೇ ಹಾಕಿ.