ಮಗಳು ತೀರಿಹೋದ ಮೇಲೆ ಪುಳ್ಳಿಯನ್ನು (ಮೊಮ್ಮಗಳನ್ನು) ನೋಡುವ ಹಕ್ಕು ಅಜ್ಜಿಗೆ ಇದೆಯಾ?

ಪ್ರಶ್ನೆ (ಉಡುಪಿ ಜಿಲ್ಲೆಯ ಕಾಪುವಿನ ಒಬ್ಬ ಅಜ್ಜಿ):
ವಕೀಲರಿಗೆ ನಮಸ್ಕಾರ. ಕಳೆದ ವರ್ಷ ನನ್ನ ಮಗಳು ಕಾಯಿಲೆಯಿಂದ ತೀರಿಕೊಂಡಳು. ಪುಳ್ಳಿಗೆ ಆರು ವರ್ಷ. ಹತ್ತು ತಿಂಗಳು ನನ್ನ ಹತ್ತಿರವೇ ಇದ್ದಳು. ಆಮೇಲೆ ಅಳಿಯ ಬಂದು ಮಂಗಳೂರಿಗೆ ಕರೆದುಕೊಂಡು ಹೋದ. ಅವನಿಗೆ ಎರಡನೇ ಮದುವೆಯೂ ಆಯಿತು. ಈಗ ಫೋನ್ ಎತ್ತುವುದಿಲ್ಲ, ಮನೆಗೆ ಹೋದರೆ ಗೇಟಿನಿಂದಲೇ ವಾಪಸ್. ನಮ್ಮದು ಅಳಿಯಕಟ್ಟಿನ ಕುಟುಂಬ, ವಂಶ, ಆಸ್ತಿ ಎಲ್ಲ ತಾಯಿ ಕಡೆಯಿಂದಲೇ ನಡೆಯುವುದು. ಮಗು ತಾಯಿ ಮನೆಗೆ ಸೇರಿದ್ದು ಅಲ್ವಾ?

ಉತ್ತರ (ವಕೀಲರು, ಮಂಗಳೂರು):
ಅಮ್ಮಾ, ಕಹಿ ಮಾತು ಮೊದಲೇ ಹೇಳಿಬಿಡುತ್ತೇನೆ. ಮಗು ಯಾರ ಹತ್ತಿರ ಇರಬೇಕು ಎನ್ನುವಲ್ಲಿ ಅಳಿಯಕಟ್ಟು ನಡೆಯುವುದಿಲ್ಲ. 1956ರ ಹಿಂದೂ ಅಪ್ರಾಪ್ತವಯಸ್ಕರ ಕಾಯಿದೆಯ ಪ್ರಕಾರ ತಂದೆಯೇ ಸಹಜ ಪೋಷಕ. ಎರಡನೇ ಮದುವೆ ಆದ ಮಾತ್ರಕ್ಕೆ ಅದು ಹೋಗುವುದಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟಿಗೆ ಹೆಚ್ಚುಕಡಿಮೆ ಇಂಥದ್ದೇ ಒಂದು ಪ್ರಕರಣ ಹೋಗಿತ್ತು. ತಾಯಿ ಕ್ಯಾನ್ಸರ್‌ನಿಂದ ತೀರಿಹೋಗಿದ್ದರು, ಮಗು ತಾಯಿ ಕಡೆಯವರ ಹತ್ತಿರ ಇತ್ತು. ಕೋರ್ಟು ಮಗುವನ್ನು ತಂದೆಗೇ ಕೊಟ್ಟಿತು. ಆದರೆ ತಾಯಿ ಕಡೆಯವರು ಬಂದು ನೋಡುವುದಕ್ಕೂ ವ್ಯವಸ್ಥೆ ಮಾಡಿತು. ನೀವು ಹಿಡಿಯಬೇಕಾದ ದಾರಿ ಅದು.

ಅಜ್ಜಿಗೆ ಭೇಟಿಯ ಹಕ್ಕು ಅಂತ ಕಾಯಿದೆಯಲ್ಲಿ ಪ್ರತ್ಯೇಕವಾಗಿ ಬರೆದಿಲ್ಲ. ಕೋರ್ಟು ನೋಡುವುದು ಮಗುವಿನ ಒಳಿತನ್ನು. ಹಾಗಾಗಿ 'ನನ್ನ ಹಕ್ಕು' ಎನ್ನುವುದಕ್ಕಿಂತ 'ಅಮ್ಮನನ್ನು ಕಳೆದುಕೊಂಡ ಮಗು ಅಜ್ಜಿಯನ್ನೂ ಕಳೆದುಕೊಳ್ಳುವುದು ಬೇಡ' ಎಂದು ಕೇಳಿ. 1890ರ ಪೋಷಕರು ಮತ್ತು ಪಾಲ್ಯರ ಕಾಯಿದೆಯಡಿ ಅರ್ಜಿ ಹಾಕಬಹುದು. ಮಗು ವಾಸ ಇರುವ ಊರಲ್ಲೇ ಹಾಕಬೇಕು. ಎಂದರೆ ಉಡುಪಿಯಲ್ಲಲ್ಲ, ಮಂಗಳೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ. ಕೇಸು ಮುಗಿಯುವ ತನಕ ಕಾಯಬೇಡಿ, ಮಧ್ಯಂತರ ಆದೇಶವನ್ನೂ ಕೇಳಿ. ತಿಂಗಳಿಗೆ ಎರಡು ಶನಿವಾರ, ದಸರಾ ರಜೆಯಲ್ಲಿ ಒಂದು ವಾರ, ನಡುವೆ ವಿಡಿಯೋ ಕಾಲ್. ಹೀಗೆ ಸ್ಪಷ್ಟವಾಗಿ ಕೇಳಿದರೆ ಸಿಗುವುದು ಸುಲಭ. ನಿಮ್ಮ ಹತ್ತಿರ ಇದ್ದ ತಿಂಗಳುಗಳ ಶಾಲೆ ಫೀಸಿನ ರಸೀದಿ, ಡಾಕ್ಟರ ಚೀಟಿ, ಫೋಟೋ ಎಲ್ಲ ತೆಗೆದಿಡಿ. ಶಾಲೆಗೆ ಹೋಗಿ ಮಗುವನ್ನು ಸುಮ್ನೆ ಕರೆದುಕೊಂಡು ಮಾತ್ರ ಬರಬೇಡಿ. ಕೇಸೇ ಕೆಡುತ್ತದೆ.

ದುಡ್ಡಿನ ಚಿಂತೆ ಬೇಡ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ.

ಅದೇ ಅಜ್ಜಿ:
ಮಗಳ ಚಿನ್ನ ನನ್ನ ಹತ್ತಿರ ಇದೆ. ಅದನ್ನು ಕೊಟ್ಟರೆ ಮಗುವನ್ನು ತೋರಿಸುತ್ತೇನೆ ಎನ್ನುತ್ತಾನೆ ಅಳಿಯ.

ಉತ್ತರ:
ಕೊಡಬೇಡಿ! ಅಳಿಯಕಟ್ಟು ಕೆಲಸಕ್ಕೆ ಬರುವುದು ಇಲ್ಲೇ ನೋಡಿ. ಉಯಿಲು ಬರೆಯದೆ ಹಿಂದೂ ಹೆಂಗಸು ತೀರಿಕೊಂಡರೆ ಸಾಮಾನ್ಯವಾಗಿ ಮಕ್ಕಳ ಜೊತೆ ಗಂಡನಿಗೂ ಪಾಲು. ಅಳಿಯಸಂತಾನದವರಿಗೆ (ಅಳಿಯಕಟ್ಟಿನವರಿಗೆ) ಮಾತ್ರ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 17ನೇ ಸೆಕ್ಷನ್ ಬೇರೆ ಲೆಕ್ಕ ಹೇಳುತ್ತದೆ. ಮೊದಲ ಸಾಲಿನಲ್ಲಿ ಮಕ್ಕಳು ಮತ್ತು ತಾಯಿ, ಗಂಡ ಬರುವುದು ಎರಡನೇ ಸಾಲಿನಲ್ಲಿ. ಅಂದರೆ ಆ ಚಿನ್ನ ಪುಳ್ಳಿಯದು ಮತ್ತು ನಿಮ್ಮದು. ತೂಕ ಮಾಡಿಸಿ, ಪಟ್ಟಿ ಬರೆದು ಲಾಕರಿನಲ್ಲಿಡಿ. ಅವನು ವಾಟ್ಸಾಪಿನಲ್ಲಿ ಹಾಗೆ ಬರೆದಿದ್ದರೆ ಅಳಿಸಬೇಡಿ, ಅರ್ಜಿ ಹಾಕುವಾಗ ಬೇಕಾಗುತ್ತದೆ.