ಎಂಎಸ್ಸಿಗೆ ಪರಿಸರ ವಿಜ್ಞಾನ ತಗೊಂಡವರು ಅನುಭವ ಹೇಳ್ರೀ

ಗದಗಿನ ಅಣ್ಣ: ತಂಗಿ ಬಿಎಸ್ಸಿ ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಝೂಆಲಜಿ) ಮುಗಿಸಿದ್ದಾಳೆ. ಪರಿಸರ ವಿಜ್ಞಾನನೇ ಓದೋದು, ಶಂಕರಘಟ್ಟದ ಕುವೆಂಪು ವಿವಿ ಆಗಲಿ ಮೈಸೂರು ಆಗಲಿ, ಸೀಟು ಸಿಕ್ಕಲ್ಲಿ ಹೋಗ್ತೀನಿ ಅಂತ ಹಟ. ಅಪ್ಪ ಕೆಮಿಸ್ಟ್ರಿ ಅಂತಾರೆ. ಕೆಲಸ ಸಿಗುತ್ತಾ? ಖರ್ಚು ಎಷ್ಟು? ಓದಿದವರು ಹೇಳಿ.

ಹುಬ್ಬಳ್ಳಿ ಲ್ಯಾಬ್‌ನವ: ಅದೇ ಓದಿದವ ನಾನು. ಎಲ್ಲಿ ಅಂತ ಕೇಳಬೇಡಿ. ಫೀಸು ದೊಡ್ಡದಲ್ಲ, ದುಡ್ಡು ಹೋಗೋದು ಪ್ರಾಜೆಕ್ಟಿಗೆ. ನಾನು ತಗೊಂಡದ್ದು ಉಣಕಲ್ ನಾಲಾದ ನೀರು. ಡಿಪಾರ್ಟ್‌ಮೆಂಟಿನ ಬಿಓಡಿ (ಕೊಳೆ ತಿನ್ನೋ ಬ್ಯಾಕ್ಟೀರಿಯಾ ನೀರಿನ ಆಮ್ಲಜನಕ ಎಷ್ಟು ಬಳಸುತ್ತವೆ ಅಂತ ಅಳೆಯೋ ಪರೀಕ್ಷೆ) ಬಾಟಲಿಗಳಿಗೆ ಮುಚ್ಚಳ ಸರಿ ಕೂರುತ್ತಿರಲಿಲ್ಲ. ಒಂದಕ್ಕೆ 280 ರೂಪಾಯಿ ಕೊಟ್ಟು ಹೊಸವು ತಂದೆ. ಸಿಓಡಿಗೆ (ಕೊಳೆಯನ್ನು ರಾಸಾಯನಿಕದಿಂದ ಅಳೆಯೋ ಪರೀಕ್ಷೆ) ಬೆಳ್ಳಿಯ ಲವಣ ಸಿಲ್ವರ್ ಸಲ್ಫೇಟ್ ಬೇಕು, 25 ಗ್ರಾಂ ಡಬ್ಬಿಗೆ 4,600. ಅಪ್ಪ ಬಿಲ್ಲು ನೋಡಿ "ಬೆಳ್ಳಿ ಅಂಗಡಿಗೆ ಹೋಗಿದ್ದೆಯಾ" ಅಂದರು. ಇನ್ನು ಸ್ಯಾಂಪಲ್ಲು ಐಸ್ ಡಬ್ಬಿಯಲ್ಲಿಟ್ಟು ಬಸ್ಸು ಹತ್ತಿದರೆ ಕಂಡಕ್ಟರ್ ಮೀನು ಅಂದುಕೊಂಡು ಲಗೇಜ್ ಚೀಟಿ ಹರೀತಾನೆ! ಬಿಓಡಿ 27 ಡಿಗ್ರಿಯಲ್ಲಿ 3 ದಿನ ಇಡಬೇಕಲ್ಲ, ನಡುವೆ ರಾತ್ರಿ ಕರೆಂಟು ಹೋಗಿ ಬೆಳಗ್ಗೆ ಇನ್‌ಕ್ಯುಬೇಟರ್ 33 ತೋರಿಸ್ತಿತ್ತು. ಎಲ್ಲ ಚೆಲ್ಲಿ ಮತ್ತೆ ನಾಲಾ ದಂಡೆಗೆ. ಇಷ್ಟಾದ ಮೇಲೆ ಮೊದಲ ಸಂಬಳ 14,000. ಇಂಟರ್ವ್ಯೂನಲ್ಲಿ ಕೇಳಿದ್ದು ಒಂದೇ ಪ್ರಶ್ನೆ, "ಕೆಮಿಸ್ಟ್ರಿ ಯಾಕೆ ಮಾಡಲಿಲ್ಲ?" ಆದರೂ ಹೇಳ್ತೀನಿ, ಇವತ್ತು ಸೀಟು ಕೊಟ್ಟರೂ ಅದನ್ನೇ ತಗೋತೀನಿ.

ಕೆಮಿಸ್ಟ್ರಿ ಕಾಕಾ: ಬಿಓಡಿ, ಸಿಓಡಿ ಎಲ್ಲ ಕೆಮಿಸ್ಟ್ರಿ ತಾನೆ? ಅದನ್ನೇ ನೆಟ್ಟಗೆ ಓದಿದ್ದರೆ ಮುಗೀತಿತ್ತು. ನಾನು ಕ್ಯೂಸಿಯಲ್ಲಿ (ಕಂಪನಿಯ ಗುಣಮಟ್ಟ ಪರೀಕ್ಷೆ ವಿಭಾಗ) ಸೇರಿದಾಗಲೇ 22,000 ಇತ್ತು. ಶಿಫ್ಟು ಮಾಡಿ ಮಾಡಿ ಅಸಿಡಿಟಿ ಬಂತು, ಅದು ಬೇರೆ ಮಾತು. ನಿಮ್ಮದರಲ್ಲಿ ಒಂದು ಸೆಮಿಸ್ಟರ್ ಕಲ್ಲು, ಒಂದು ಸೆಮಿಸ್ಟರ್ ಕಾನೂನು, ನಡುವೆ ಬ್ಯಾಕ್ಟೀರಿಯಾ, ಮೇಲೆ ಸ್ಯಾಟಲೈಟು. ಎಲ್ಲ ಮೂಸಿ ನೋಡೋದು, ಯಾವುದೂ ಹೊಟ್ಟೆಗೆ ಇಳಿಯಲ್ಲ.

ಹುಬ್ಬಳ್ಳಿ ಲ್ಯಾಬ್‌ನವ: ಕಾಕಾರೇ, ಮುಂಡರಗಿ ಕಡೆ ಬೋರಿನ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದೆ ಅಂತ ನೀವು ರಿಪೋರ್ಟು ಕೊಡ್ತೀರಿ, ಸಹಿ ಹಾಕ್ತೀರಿ, ಮನೆಗೆ ಹೋಗ್ತೀರಿ. ಅದು ಕಲ್ಲಿನಿಂದ ನೀರಿಗೆ ಹೇಗೆ ಬಂತು, ಯಾವ ಬೋರು ಮುಚ್ಚಬೇಕು, ಅಲ್ಲಿಯ ಹುಡುಗರ ಹಲ್ಲು ಯಾಕೆ ಹಳದಿ, ಮುಚ್ಚಿದರೆ ಊರಿಗೆ ನೀರು ಎಲ್ಲಿಂದ? ಇದಕ್ಕೆ ಕಲ್ಲೂ ಬೇಕು, ಕಾನೂನೂ ಬೇಕು.

ಕೆಮಿಸ್ಟ್ರಿ ಕಾಕಾ: 14,000ಕ್ಕೆ ಇಷ್ಟೆಲ್ಲ ಯೋಚನೆ ಮಾಡ್ತೀರಾ? ಪಾಪ.

ಹಾವೇರಿ ಅಕ್ಕ: ಇವರಿಬ್ಬರ ಸಂಬಳದ ಜಗಳ ಬಿಡಿ. ನಾನು ಪರಿಸರ ವಿಜ್ಞಾನದಲ್ಲೇ ಕೆಸೆಟ್ (ಕಾಲೇಜು ಉಪನ್ಯಾಸಕರ ಅರ್ಹತಾ ಪರೀಕ್ಷೆ) ಪಾಸಾದವಳು. ಪರಿಸರ ವಕೀಲ ಎಂ.ಸಿ. ಮೆಹ್ತಾ ಕೇಸಿನಲ್ಲಿ ಸುಪ್ರೀಂ ಕೋರ್ಟು 1991ರಲ್ಲೇ ಪರಿಸರ ಕಲಿಸಿ ಅಂತು. ಆಮೇಲೆ ಕೋರ್ಟಿನ ಒತ್ತಾಯಕ್ಕೆ ಎಲ್ಲ ಡಿಗ್ರಿಗಳಿಗೂ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ಆರು ತಿಂಗಳ ಕಡ್ಡಾಯ ಪೇಪರ್ ಬಂತು. ಹಾಗಾದರೆ ನಮ್ಮಂಥವರಿಗೆ ಕಾಲೇಜಿಗೊಂದು ಹುದ್ದೆ ಇರಬೇಕಿತ್ತು, ಅಲ್ವಾ? ನಾನು ವಿಚಾರಿಸಿದ ಕಡೆಯೆಲ್ಲ ಆ ಪೇಪರ್ ಯಾರಿಗೆ ವರ್ಕ್‌ಲೋಡ್ ಕಡಿಮೆಯೋ ಅವರ ಪಾಲು. ಹಿಸ್ಟರಿಯವರು, ಕನ್ನಡದವರು, ಒಂದು ಕಡೆ ಪಿಟಿ ಸರ್! ಯಾವ ಕಾಲದ್ದೋ ನೋಟ್ಸಿನ ಜೆರಾಕ್ಸು, ಓಝೋನ್ ಚಿತ್ರ ಕಪ್ಪಗೆ ಮಸಿ ಮುದ್ದೆ. ನಾನು ಮಾತ್ರ ಅತಿಥಿ ಉಪನ್ಯಾಸಕಿ. ಅದೂ ಬೇರೆ ವಿಷಯದ ಲ್ಯಾಬಿಗೆ. ಗೌರವಧನ ತಡ ಆದಾಗ ಬಸ್ ಪಾಸಿಗೆ ಅಮ್ಮನ ಹತ್ತಿರ ಕೈ ಚಾಚಿದ್ದೇನೆ.

ಹಿಸ್ಟರಿ ಸರ್: ಮೇಡಂ, ಆ ಹಿಸ್ಟರಿಯವನು ನಾನೇ ಅಂದುಕೊಳ್ಳಿ. ಜೆರಾಕ್ಸ್ ಓದಿಸಿಲ್ಲ. ಹಾನಗಲ್ ತಾಲ್ಲೂಕಿನ ಕುಸನೂರಿಗೆ ಮಕ್ಕಳನ್ನು ಕರೆದುಕೊಂಡು ಹೋದೆ. 1987ರ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹದ ಜಾಗ. ಊರಿನ ಜಮೀನಿನಲ್ಲಿ ಹಚ್ಚಿದ ನೀಲಗಿರಿ ಕಿತ್ತು, ಜನಕ್ಕೆ ಬೇಕಾದ ಸಸಿ ಹಚ್ಚಿದ ಊರು ಅದು. ಕಪ್ಪತಗುಡ್ಡಕ್ಕೂ ಹೋಗಿದ್ದೆವು, 2019ರಲ್ಲಿ ವನ್ಯಜೀವಿಧಾಮ ಆಗೋ ಮೊದಲು ಎಷ್ಟು ಹೋರಾಟ ನಡೀತು ಅಂತ ಅಲ್ಲೇ ನಿಂತು ಹೇಳಿದೆ. ಗಾಡಿ ಬಾಡಿಗೆ 9,500, ಡ್ರೈವರ್ ಊಟ 300, ಟೋಲ್ ಬೇರೆ. ಆಫೀಸಿನವರು "ಪೂರ್ವಾನುಮತಿ ಇಲ್ಲ" ಅಂತ ಬರೆದು ಬಿಲ್ಲು ವಾಪಸ್ ಕಳಿಸಿದರು. ಆ ಬಿಲ್ಲು ಇವತ್ತಿಗೂ ನನ್ನ ಬೀರುವಿನಲ್ಲಿದೆ.

ಹಾವೇರಿ ಅಕ್ಕ: ಟ್ರಿಪ್ಪು ಮಾಡಿದರೆ ವಿಷಯ ಬಂದ ಹಾಗೆ ಆಗಲ್ಲ ಸರ್. ನೀಲಗಿರಿ ಬೇರು ಎಷ್ಟು ನೀರು ಎಳೆಯುತ್ತೆ ಅಂತ ಮಕ್ಕಳು ಕೇಳಿದರೆ ಏನು ಹೇಳ್ತೀರಿ?

ಹಿಸ್ಟರಿ ಸರ್: ಆ ಜಮೀನು ಯಾರದ್ದಾಗಿತ್ತು ಅಂತ ಕೇಳಿದರೆ ನೀವೇನು ಹೇಳ್ತೀರಿ?

ಹಾವೇರಿ ಅಕ್ಕ: ಅದಕ್ಕೇ ಒಂದು ಪೂರ್ತಿ ಪೇಪರ್ ಓದಿದ್ದೇನೆ. ನೀವು ಬೇರಿನ ಪೇಪರ್ ಓದಿದ್ದೀರಾ?

ನವಲಗುಂದದವ: ಈ ಪರಿಸರ ಓದಿದವರೇ ನಮಗೆ ಅಡ್ಡ ಬಂದದ್ದು. 2018ರಲ್ಲಿ ನ್ಯಾಯಮಂಡಳಿ ಮಹದಾಯಿಯಲ್ಲಿ ರಾಜ್ಯಕ್ಕೆ 13.42 ಟಿಎಂಸಿ ಅಂತು. ನೀರು ಎಲ್ಲಿ? ಕಾಡು, ಹುಲಿ, ಅನುಮತಿ ಅಂತ ತಡೀತಾರೆ. ನಾವು ಮನುಷ್ಯರಲ್ವಾ? ತಂಗಿಗೆ ಅಗ್ರಿ ಓದಿಸು ತಮ್ಮಾ.

ಇಐಎ ಹುಡುಗ: ಅಣ್ಣಾರೇ, ಅಡ್ಡ ಬರೋದು ಓದಿದವರಲ್ಲ. ಗೋವಾದವರ ಕೇಸು ಇದೆ, ಅರಣ್ಯದ ಫೈಲು ಇದೆ. ನಾವು ಬರೀ ವರದಿ ಬರೆಯೋರು. 2006ರ ಇಐಎ (ಯೋಜನೆಯಿಂದ ಪರಿಸರಕ್ಕೆ ಏನಾಗುತ್ತೆ ಅಂತ ಮೊದಲೇ ಅಂದಾಜು ಮಾಡೋದು) ಅಧಿಸೂಚನೆಯಿಂದ ಹೊಟ್ಟೆ ತುಂಬ್ತಿರೋನು ನಾನು. ಶುರುವಿನಲ್ಲಿ ಗಾಳಿಯ ಧೂಳು ಹಿಡಿಯೋ ಏರ್ ಸ್ಯಾಂಪ್ಲರ್ ಯಾರದೋ ಮಾಳಿಗೆ ಮೇಲೆ ಇಟ್ಟು 24 ಗಂಟೆ ಕಾಯಬೇಕು. ಮನೆಯವರು ಕರೆಂಟು ಬಿಲ್ಲು ಅಂತ 500 ಕೇಳ್ತಾರೆ, ಕಂಪನಿ ಅದಕ್ಕೆ ರಶೀದಿ ಕೇಳುತ್ತೆ! ಟಿಎ (ಪ್ರಯಾಣ ಭತ್ಯೆ) ನಾಲ್ಕು ತಿಂಗಳು ಬಾಕಿ ಇಟ್ಟು ಆಮೇಲೆ ಅರ್ಧ ಕೊಟ್ಟರು. ನನ್ನನ್ನು ಉಳಿಸಿದ್ದು ಜಿಐಎಸ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡೋ ವಿದ್ಯೆ. ಅದರ ಸಾಫ್ಟ್‌ವೇರ್ ಕ್ಯೂಜಿಐಎಸ್ ಪುಕ್ಕಟೆ ಸಿಗುತ್ತೆ, ರಾತ್ರಿ ಕೂತು ಕಲಿತೆ. ಮ್ಯಾಪ್ ಹಾಕೋಕೆ ಬಂದ ಮೇಲೆ ಸಂಬಳ ಮಾತಾಡೋಕೆ ಧೈರ್ಯ ಬಂತು.

ನವಲಗುಂದದವ: ಮ್ಯಾಪಿನಲ್ಲಿ ನೀರು ಬರುತ್ತಾ?

ಇಐಎ ಹುಡುಗ: ನೀರು ಬರಲ್ಲ ಅಣ್ಣಾರೇ. ಕಾಲುವೆ ಬಂದರೆ ಯಾರ ಹೊಲ ಹೋಗುತ್ತೆ ಅನ್ನೋದು ಬರುತ್ತೆ. ಸರ್ವೆ ನಂಬರ್ ಕಳಿಸಿ, ತೋರಿಸ್ತೀನಿ.

ನವಲಗುಂದದವ: ಸರ್ವೆ ನಂಬರ್ ಯಾಕೆ ಬೇಕು ನಿಮಗೆ? ಕಳಿಸಲ್ಲ.