ವರ್ಜೀನಿಯಾದಿಂದ ಕೆಂಟುಕಿಗೆ ಹೋದ ಕುಟುಂಬದ ಕೊಂಡಿಯನ್ನು ಎಲ್ಲಿ ಹುಡುಕಬೇಕು?

ಪ್ರಶ್ನೆ:
ವರ್ಜೀನಿಯಾದ ಶೆನಾಂಡೋವಾ ಕಣಿವೆಯಲ್ಲಿ 1760ರ ದಶಕದಲ್ಲಿ ಜಮೀನು ಹೊಂದಿದ್ದ ವಸಾಹತು ಕುಟುಂಬವೊಂದರ ವಂಶಾವಳಿಯನ್ನು ಅಧ್ಯಯನ ಮಾಡುತ್ತಿದ್ದೇನೆ. ಅಮೆರಿಕದ ಕ್ರಾಂತಿಯುದ್ಧದ ನಂತರ ಕಿರಿಯ ಮಕ್ಕಳ ಹೆಸರುಗಳು ಅಲ್ಲಿ ಮರೆಯಾಗಿ, ಅವೇ ಹೆಸರುಗಳು ಕೆಂಟುಕಿಯಲ್ಲಿ ಕಾಣಿಸಿಕೊಳ್ಳುತ್ತವೆ. ಇವರು ಅದೇ ಮಕ್ಕಳೆಂದು 1790ರ ಜನಗಣತಿಯಿಂದ ಸಾಧಿಸಬಹುದೇ?

ಉತ್ತರ 1:
ಸಾಧ್ಯವಿಲ್ಲ. ವರ್ಜೀನಿಯಾ ಮತ್ತು ಕೆಂಟುಕಿಯ 1790ರ ಗಣತಿಯ ಮೂಲ ಪಟ್ಟಿಗಳು ಉಳಿದಿಲ್ಲ. ಉಳಿದಿದ್ದರೂ ಅವುಗಳಲ್ಲಿ ಮನೆಯ ಯಜಮಾನನ ಹೆಸರಷ್ಟೇ ಇರುತ್ತಿತ್ತು, ಏಕೆಂದರೆ ಪ್ರತಿಯೊಬ್ಬ ಸ್ವತಂತ್ರ ವ್ಯಕ್ತಿಯ ಹೆಸರನ್ನು ಬರೆಯುವ ಪದ್ಧತಿ 1850ರಲ್ಲಿ ಆರಂಭವಾಯಿತು. 1782ರಿಂದ ಶುರುವಾಗುವ ವರ್ಜೀನಿಯಾದ ತೆರಿಗೆ ಪಟ್ಟಿಗಳನ್ನು ವರ್ಷವರ್ಷವೂ ಹೋಲಿಸಿ ನೋಡಿ. ಕೆಂಟುಕಿಯು 1792ರವರೆಗೆ ವರ್ಜೀನಿಯಾದ ಭಾಗವೇ ಆಗಿದ್ದುದರಿಂದ, ಆರಂಭದ ಭೂದಾನಪತ್ರಗಳೂ ವರ್ಜೀನಿಯಾದ ಹೆಸರಿನಲ್ಲಿಯೇ ಇರುತ್ತವೆ.

ಉತ್ತರ 2:
ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್‌ರ ವಂಶವನ್ನು ಮಾದರಿಯಾಗಿ ಗಮನಿಸಿ. 1637ರಲ್ಲಿ ಮ್ಯಾಸಚೂಸೆಟ್ಸ್‌ಗೆ ಬಂದ ಸ್ಯಾಮ್ಯುಯೆಲ್‌ನ ಸಂತತಿಯ ಒಂದು ಶಾಖೆ ನ್ಯೂಜರ್ಸಿ, ಪೆನ್ಸಿಲ್ವೇನಿಯಾಗಳ ಮೂಲಕ ಇದೇ ಕಣಿವೆಗೆ ಬಂದು, ಅಲ್ಲಿಂದ ಕೆಂಟುಕಿಗೆ ಸಾಗಿತು. ಅಧ್ಯಕ್ಷರ ಅಜ್ಜ 1786ರಲ್ಲಿ ಕೊಲೆಯಾದಾಗ ಆಸ್ತಿ ಹಿರಿಯ ಮಗ ಮೊರ್ಡೆಕೈಗೆ ಸೇರಿತು; ಕಿರಿಯ ಮಗ, ಅಂದರೆ ಅಧ್ಯಕ್ಷರ ತಂದೆ ಥಾಮಸ್‌ಗೆ ಏನೂ ದಕ್ಕಲಿಲ್ಲ. ಹೀಗಾಗಿ ಆಸ್ತಿಪತ್ರದಲ್ಲಿ ಹೆಸರಿಲ್ಲವೆಂದ ಮಾತ್ರಕ್ಕೆ ಕಿರಿಯ ಮಗ ಇರಲೇ ಇಲ್ಲವೆಂದು ತೀರ್ಮಾನಿಸುವುದು ಅವಸರದ ಮಾತು.

ಉತ್ತರ 3:
ತಂದೆಯಾಗಲಿ ಮಕ್ಕಳಾಗಲಿ ಸೈನಿಕರಾಗಿದ್ದರೆ, ಕ್ರಾಂತಿಯುದ್ಧದ ಸೈನಿಕರಿಗೆ ಪಿಂಚಣಿ ನೀಡಿದ 1832ರ ಕಾಯಿದೆಯಡಿ ಸಲ್ಲಿಸಿದ ಪಿಂಚಣಿ ಅರ್ಜಿಗಳನ್ನು ತಪ್ಪದೆ ಓದಿ. ಹುಟ್ಟಿದ ಊರನ್ನೂ ಯುದ್ಧಾನಂತರ ವಾಸಿಸಿದ ಸ್ಥಳಗಳನ್ನೂ ಅರ್ಜಿದಾರರು ಪ್ರಮಾಣಪೂರ್ವಕವಾಗಿ ಹೇಳಬೇಕಾಗಿತ್ತು. ನನ್ನ ಅಭಿಪ್ರಾಯದಲ್ಲಿ, ಬರಿಯ ಹೆಸರಿನ ಸಾಮ್ಯಕ್ಕಿಂತ ಜೊತೆಯಲ್ಲಿ ವಲಸೆ ಹೋದ ನೆರೆಹೊರೆಯವರ ಗುಂಪೇ ಬಲವಾದ ಸಾಕ್ಷ್ಯ.